ಘಟ್ಟದ ಮೇಲಿಂದ, ಘಟ್ಟದ ಕೆಳಗಿಂದ: ಎಂ51 ಸುರುಳಿ ಗೆಲಾಕ್ಸಿ ನೋಡಲು ಸಮಗ್ರ ಮಾರ್ಗದರ್ಶಿ

ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿಯಿಂದ ಮೂರೂವರೆ ಡಿಗ್ರಿ ಆಚೆಗೆ ಒಂದು ಸುರುಳಿ ಗೆಲಾಕ್ಸಿ ಇದೆ. ಚಾರ್ಲ್ಸ್ ಮೆಸಿಯೆ ಮಾಡಿದ ಆಕಾಶವಸ್ತುಗಳ ಪಟ್ಟಿಯಲ್ಲಿ ಅದರ ಹೆಸರು ಎಂ51, ಜನ ಕರೆಯುವುದು ವರ್ಲ್‌ಪೂಲ್ ಎಂದು. ದೂರ ಸುಮಾರು 3 ಕೋಟಿ ಜ್ಯೋತಿರ್ವರ್ಷ. ಯಾವಾಗ ನೋಡಬೇಕೆಂದು ಕೇಳಿದರೆ ಹೊರದೇಶದ ಕೈಪಿಡಿಗಳು ಏಪ್ರಿಲ್, ಮೇ ಎನ್ನುತ್ತವೆ. ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಸಾಕು, ಎತ್ತರದಲ್ಲೇ ಇರುತ್ತದೆ ಎನ್ನುವ ಲೆಕ್ಕ ಅದು. ಆ ಲೆಕ್ಕ ಹಾಕಿದವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೇ ತಿಂಗಳನ್ನು ಕಂಡವರಲ್ಲ. ಆಗ ಘಟ್ಟದ ಕೆಳಗೆ ಗಾಳಿಯೆಲ್ಲ ತೇವ, ಬೆವರು ಒರೆಸಿಕೊಳ್ಳುವುದೇ ಒಂದು ಕೆಲಸ. ಘಟ್ಟದ ಮೇಲೆ ಮಧ್ಯಾಹ್ನವೇ ಮೋಡ ಕಟ್ಟಿ ಸಂಜೆಗೆ ಗುಡುಗು ಶುರು. ಉತ್ತರ ಕನ್ನಡದಲ್ಲಿ ಎಂ51 ಚೆನ್ನಾಗಿ ಕಾಣಬೇಕೆಂದರೆ ನಿದ್ದೆ ಬಿಡಬೇಕು. ಫೆಬ್ರವರಿ, ಮಾರ್ಚ್ ತಿಂಗಳ ನಡುರಾತ್ರಿಯ ನಂತರ ಎದ್ದು ಕೂರಬೇಕು. ದೊಡ್ಡ ಟೆಲಿಸ್ಕೋಪ್ ಇಲ್ಲವೆಂದು ಕೊರಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಸರಿಯಾದ ಗಂಟೆಗೆ ಎದ್ದರೆ ಬೈನಾಕ್ಯುಲರ್ ಕೂಡ ಸಾಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದೇ ಯಾಕೆ

ಉತ್ತರ ಆಕಾಶದಲ್ಲಿ ಹೆಸರುವಾಸಿ ಸುರುಳಿಗಳು ಇನ್ನೂ ಇವೆ. ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನವೆಂಬರ್, ಡಿಸೆಂಬರ್ ಸಂಜೆಗೆ ಕತ್ತಲೆ ಊರಿನಲ್ಲಿ ಬರಿಗಣ್ಣಿಗೇ ಸಿಗುತ್ತದೆ. ಗೆಲಾಕ್ಸಿ ಎಂದರೇನೆಂದು ಮೊದಲ ಬಾರಿ ನೋಡುವವರು ಅಲ್ಲಿಂದಲೇ ಶುರು ಮಾಡಲಿ. ಆದರೆ ಅದು ನಮಗೆ ಓರೆಯಾಗಿ ಕಾಣುವುದರಿಂದ ಸುರುಳಿ ಬಿಡಿಸಿ ನೋಡುವುದು ಕಷ್ಟ. ಎಂ81 ಒಳ್ಳೆಯ ಗೆಲಾಕ್ಸಿಯೇ, ಆದರೆ ಧ್ರುವದ ಹತ್ತಿರ ಕೂತಿದೆ. ಕಾರವಾರ, ಶಿರಸಿಗಳ ಅಕ್ಷಾಂಶ 15 ಡಿಗ್ರಿಗಿಂತ ತುಸು ಕಡಿಮೆ, ಹಾಗಾಗಿ ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಎಂ81 ಎಷ್ಟು ಮೇಲೇರಿದರೂ 36 ಡಿಗ್ರಿ ದಾಟುವುದಿಲ್ಲ. ಅಲ್ಲಿಗೆ ನೋಡುವಾಗ ನೆತ್ತಿಯ ಮೇಲಿರುವುದಕ್ಕಿಂತ 1.7 ಪಟ್ಟು ಹೆಚ್ಚು ಗಾಳಿಯ ಮೂಲಕ ನೋಡುತ್ತೇವೆ. ಕರಾವಳಿಯ ಗಾಳಿಯಲ್ಲಿ ಇದು ಸಣ್ಣ ನಷ್ಟವಲ್ಲ. ಎಂ51 ಅದೇ ಲೆಕ್ಕದಲ್ಲಿ 57 ಡಿಗ್ರಿಗೆ ಏರುತ್ತದೆ, ಗಾಳಿ 1.2 ಪಟ್ಟಿನಷ್ಟೇ. ಮೇಲಾಗಿ ಅದು ನಮಗೆ ಹೆಚ್ಚುಕಡಿಮೆ ಮುಖ ಮಾಡಿ ನಿಂತಿದೆ. ಸುರುಳಿ ಎಂದರೆ ಏನೆಂದು ಕಣ್ಣಿಂದಲೇ ನೋಡಬೇಕೆಂದರೆ ನಮ್ಮ ಜಿಲ್ಲೆಯಿಂದ ಇದಕ್ಕಿಂತ ಒಳ್ಳೆಯದು ಸಿಗದು.

ಯಾವ ರಾತ್ರಿ, ಎಷ್ಟು ಗಂಟೆಗೆ

ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಮುಂಚೆ ಬರುತ್ತವೆ. ಕಾರವಾರದ ರೇಖಾಂಶಕ್ಕೆ ಲೆಕ್ಕ ಹಾಕಿದರೆ ಎಂ51 ತನ್ನ ತುತ್ತತುದಿಯನ್ನು ಫೆಬ್ರವರಿ ಮಧ್ಯದಲ್ಲಿ ಬೆಳಗಿನ ಜಾವ 4:30ರ ಸುಮಾರಿಗೆ, ಮಾರ್ಚ್ ಮಧ್ಯದಲ್ಲಿ 2:30ಕ್ಕೆ, ಏಪ್ರಿಲ್ ಮಧ್ಯದಲ್ಲಿ ರಾತ್ರಿ 12:30ಕ್ಕೆ, ಮೇ ಮಧ್ಯದಲ್ಲಿ 10:30ಕ್ಕೆ ಮುಟ್ಟುತ್ತದೆ. ಬೆಂಗಳೂರಿನ ಗೆಳೆಯರು ಹೇಳುವ ಗಂಟೆಗಿಂತ ನಮ್ಮದು ಹದಿನಾಲ್ಕು ನಿಮಿಷದಷ್ಟು ತಡ. ನಾವು ಅವರಿಗಿಂತ ಪಶ್ಚಿಮದಲ್ಲಿದ್ದೇವೆ. ತುದಿ ಮುಟ್ಟುವ ಹೊತ್ತಿನಿಂದ ಆಚೀಚೆ ಮೂರೂವರೆ ಗಂಟೆ ಅದು 35 ಡಿಗ್ರಿಗಿಂತ ಮೇಲಿರುತ್ತದೆ. ಅಂದರೆ ಮಾರ್ಚ್ ಮಧ್ಯದಲ್ಲಿ ರಾತ್ರಿ 11ರಿಂದ ಬೆಳಕು ಹರಿಯುವವರೆಗೂ ನಿಮ್ಮದೇ.

ಇನ್ನು ಚಂದ್ರ. ಎಂ51ಗೆ ಚಂದ್ರ ಇದ್ದರೆ ಆಗದು, ಅರ್ಧಚಂದ್ರನೂ ಬೇಡ. ಸಂಜೆ ನೋಡುವವರಿಗೆ ಅಮಾವಾಸ್ಯೆಯ ಹಿಂದಿನ ರಾತ್ರಿಗಳು ಬೇಕು. ತಡರಾತ್ರಿ ಏಳುವವರಿಗೆ ಅಮಾವಾಸ್ಯೆ ಕಳೆದ ಮೇಲೂ ರಾತ್ರಿಗಳು ದಕ್ಕುತ್ತವೆ: ಶುದ್ಧ ಸಪ್ತಮಿಯ ಚಂದ್ರ ಕೂಡ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಮುಳುಗುತ್ತಾನೆ, ಆಮೇಲೆ ಬೆಳಗಿನವರೆಗೂ ಶುದ್ಧ ಕತ್ತಲು. ಹಿಂದಿನ ಕಡೆಗೆ ಬಹುಳ ದ್ವಾದಶಿಯಿಂದ ಹಿಡಿದರೆ ತಿಂಗಳಿಗೆ ಹತ್ತು ಹನ್ನೊಂದು ರಾತ್ರಿ ಸಿಕ್ಕಿದವು. ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ಇದಕ್ಕೆ ಸಾಕು, ಆ್ಯಪ್ ಬೇಕೆಂದಿಲ್ಲ.

ಶಿವರಾತ್ರಿಯನ್ನು ಗುರುತು ಹಾಕಿಕೊಳ್ಳಿ. ಮಾಘ ಬಹುಳ ಚತುರ್ದಶಿ, ಚಂದ್ರ ಬೆಳಗಿನ ಜಾವದವರೆಗೆ ಏಳುವುದಿಲ್ಲ, ಎಂ51 ಸುಮಾರು ಮೂರು, ನಾಲ್ಕೂವರೆಯ ನಡುವೆ ತುದಿಗೆ ಬಂದಿರುತ್ತದೆ, ಜಾಗರಣೆಗೆಂದು ಮನೆಮಂದಿಯೆಲ್ಲ ಎದ್ದೇ ಇರುತ್ತಾರೆ. ನಡುರಾತ್ರಿ ಅಂಗಳಕ್ಕೆ ಇಳಿದರೆ ಯಾರೂ ಯಾಕೆಂದು ಕೇಳದ ಒಂದೇ ರಾತ್ರಿ ಅದು. ಗೋಕರ್ಣ ಪೇಟೆಯಲ್ಲಿ ಮಾತ್ರ ಅಂದು ಪ್ರಯತ್ನಿಸಬೇಡಿ. ಅಷ್ಟು ದೀಪದ ನಡುವೆ ಸಪ್ತರ್ಷಿಗಳನ್ನು ಎಣಿಸಿದರೇ ಹೆಚ್ಚು. ಯುಗಾದಿಯ ಹಿಂದುಮುಂದಿನ ರಾತ್ರಿಗಳೂ ಅಮಾವಾಸ್ಯೆಯದೇ ಆದ್ದರಿಂದ ಒಳ್ಳೆಯವು, ಮೋಡ ಬಾರದಿದ್ದರೆ.

ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವಾಗ ಮೋಡ ಒಂದನ್ನೇ ನೋಡಬೇಡಿ, ಗಾಳಿಯ ದಿಕ್ಕೂ ನೋಡಿ. ಕರಾವಳಿಯಲ್ಲಿ ಚಳಿಗಾಲದ ರಾತ್ರಿ ಗಾಳಿ ಘಟ್ಟದ ಕಡೆಯಿಂದ ಬೀಸಿದರೆ ಒಣಗಾಳಿ. ಅಂಥ ರಾತ್ರಿ ಕಾರವಾರದ ಆಕಾಶವೂ ತೊಳೆದು ಇಟ್ಟಿರುತ್ತದೆ. ಸಮುದ್ರದ ಕಡೆಯ ಗಾಳಿ ನಿಲ್ಲದ ರಾತ್ರಿ ಮನೆಯಲ್ಲೇ ಮಲಗುವುದು ಲೇಸು. ಮಾರ್ಚ್ ಕೊನೆಗೆ ತರಗೆಲೆ ಸುಡುವ ಹೊಗೆ, ಎಲ್ಲೋ ಹತ್ತಿದ ಕಾಡ್ಗಿಚ್ಚಿನ ಹೊಗೆ ಘಟ್ಟದ ಮೇಲಿನ ಕಣಿವೆಗಳಲ್ಲಿ ನಿಂತುಬಿಡುತ್ತದೆ. ಹಗಲು ದೂರದ ಗುಡ್ಡದ ಅಂಚು ಚೂಪಾಗಿ ಕಂಡರೆ ಅಂದಿನ ರಾತ್ರಿ ನಂಬಬಹುದು.

ಜಾಗ ಆರಿಸುವುದು

ಮುಖ ಉತ್ತರಕ್ಕೆ ಮಾಡಿ ನೋಡುವ ಕೆಲಸ ಇದು. ಆದ್ದರಿಂದ ಪೇಟೆಯ ಬೆಳಕು ನಿಮ್ಮ ಬೆನ್ನಿಗಿರಬೇಕು, ಎದುರಿಗಲ್ಲ. ಕಾರವಾರದವರು ಬಿಣಗಾ, ಅಮದಳ್ಳಿಯ ಕಡೆ ಹೋದರೆ ಇಡೀ ನಗರದ ಬೆಳಕು ಉತ್ತರಕ್ಕೆ ಬೀಳುತ್ತದೆ. ಕಾಳಿ ಸೇತುವೆ ದಾಟಿ ದೇವಬಾಗ, ಮಾಜಾಳಿಯ ಕಡೆ ಹೋದರೆ ನಗರ ಹಿಂದೆ ಉಳಿಯುತ್ತದೆ. ಶಿರಸಿಯವರಿಗೂ ಇದೇ ಸೂತ್ರ: ಸಿದ್ದಾಪುರ ರಸ್ತೆಗಿಂತ ಯಲ್ಲಾಪುರ ರಸ್ತೆ, ಸೋಂದಾ ಕಡೆ ಮೇಲು.

ಘಟ್ಟದ ಮೇಲೋ ಕೆಳಗೋ ಎಂದು ಕೇಳಿದರೆ ನನ್ನ ಮತ ಮೇಲಕ್ಕೇ. ಶಿರಸಿ ಸಮುದ್ರಮಟ್ಟದಿಂದ 600 ಮೀಟರಿನಷ್ಟು ಎತ್ತರದಲ್ಲಿದೆ, ಉಪ್ಪಿನ ತೇವದ ದಪ್ಪ ಪದರ ಒಂದಷ್ಟು ಕೆಳಗೇ ಉಳಿಯುತ್ತದೆ. ಊರುಗಳೂ ಚದುರಿಕೊಂಡಿವೆ, ಎರಡು ಮನೆಯ ನಡುವೆ ಒಂದು ತೋಟ, ಒಂದು ಬೆಟ್ಟ. ಜೋಯಿಡಾ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು.

ಘಟ್ಟದ ಮೇಲೆ ಅಡಿಕೆ ತೋಟಗಳಿರುವುದು ಕಣಿವೆಯಲ್ಲಿ, ಮನೆಗಳೂ ಅಲ್ಲೇ. ಸುತ್ತ ಬೆಟ್ಟ, ಮೇಲೆ ತುಂಡು ಆಕಾಶ. ಅಲ್ಲಿಂದ ಏನು ಕಂಡೀತು ಎಂದು ಬಿಟ್ಟುಬಿಡಬೇಡಿ. 15 ಡಿಗ್ರಿಯಲ್ಲಿರುವ ಧ್ರುವ ಬೆಟ್ಟದ ಹಿಂದೆ ಮರೆಯಾದರೂ 57 ಡಿಗ್ರಿಯ ಎಂ51ಗೆ ಬೆಟ್ಟ ಅಡ್ಡ ಬರುವುದಿಲ್ಲ. ಬೆಟ್ಟವೇ ದೂರದ ಪೇಟೆಯ ಬೆಳಕನ್ನು ತಡೆಯುತ್ತದೆ, ಅದು ಲಾಭವೇ. ಅಡಿಕೆ ಒಣಗಿಸುವ ಅಂಗಳ ಚೊಕ್ಕ, ಸಮತಟ್ಟು, ಕುರ್ಚಿ ಹಾಕಿ ಕೂರಲು ಹೇಳಿ ಮಾಡಿಸಿದ ಜಾಗ. ಒಂದೇ ತೊಂದರೆ ಎಂದರೆ ಬೆಳಗಿನ ಜಾವ ಕಣಿವೆಯಲ್ಲಿ ಮಂಜು ತುಂಬುವುದು. ಅಂಥ ಊರಾದರೆ ಮನೆಯ ಮೇಲಿನ ಬ್ಯಾಣಕ್ಕೆ (ಹುಲ್ಲು ಬೆಳೆಯುವ ಬೋಳುಗುಡ್ಡ) ಹತ್ತಿ. ಮಂಜು ಕೆಳಗೇ ನಿಂತಿರುತ್ತದೆ. ಕರಾವಳಿಯಲ್ಲಿ ಕೊಯ್ಲಾದ ಗದ್ದೆ ಬಯಲು, ಕುಮಟಾ ಕಡೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಭೂಮಿಯ ಬದುಗಳು ಬೀಚಿಗಿಂತ ಎಷ್ಟೋ ವಾಸಿ. ಸೊಳ್ಳೆಗೆ ಸಿದ್ಧರಾಗಿ ಹೋಗಿ.

ಬೀಚಿಗೇ ಹೋಗುವವರಿಗೆ ಎರಡು ಮಾತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ದೇವಬಾಗದಲ್ಲೂ ಬರುತ್ತವೆ, ಹೊನ್ನಾವರದ ಕಾಸರಕೋಡ ಟೊಂಕದಲ್ಲೂ ಬರುತ್ತವೆ. ಬಿಳಿ ಟಾರ್ಚ್ ಅವುಗಳ ದಾರಿ ತಪ್ಪಿಸುತ್ತದೆ. ಎರಡನೆಯದು, ಕಾರವಾರದಲ್ಲಿ ನೌಕಾನೆಲೆ ಇದೆ. ರಾತ್ರಿ ಎರಡು ಗಂಟೆಗೆ ಕೊಳವೆಯಂಥ ಸಾಮಾನು ನಿಲ್ಲಿಸಿಕೊಂಡು ಕೂತವರನ್ನು ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ. ಮೊದಲೇ ಹತ್ತಿರದ ಪೊಲೀಸ್ ಠಾಣೆಗೆ, ಊರವರಿಗೆ ಹೇಳಿಡಿ. ನೌಕಾನೆಲೆಯಿರುವ ಆರ್ಗಾದ ಆಸುಪಾಸಿಗೆ ಹೋಗಲೇಬೇಡಿ. ನಕ್ಷತ್ರ ತೋರಿಸುವ ಹಸಿರು ಲೇಸರ್ ಕರಾವಳಿಯಲ್ಲಿ ಬೇಡವೇ ಬೇಡ.

ಕಾಡಂಚಿನ ವಿಚಾರದಲ್ಲಿ ಹುಡುಗಾಟ ಸಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ರಾತ್ರಿ ನಿಲ್ಲುವ ಯೋಚನೆ ಬಿಡಿ. ತೋಟಕ್ಕೆ ಇಳಿಯುವ ಕಾಡುಕೋಣ, ಚಿರತೆಗೆ ನಿಮ್ಮ ಎಂ51 ಗೊತ್ತಿಲ್ಲ. ಅದಕ್ಕಿಂತ ಜನ ಮರೆಯುವುದು ಉಣುಗನ್ನು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲವೂ ಗೆಲಾಕ್ಸಿ ನೋಡುವ ಕಾಲವೂ ಒಂದೇ, ಡಿಸೆಂಬರಿನಿಂದ ಮೇವರೆಗೆ. 2024ರಲ್ಲಿ ಸಿದ್ದಾಪುರ ತಾಲೂಕು ಇದರಿಂದ ನರಳಿತ್ತು. ತರಗೆಲೆಯ ಮೇಲೆ ಕಂಬಳಿ ಹಾಸಿ ಮಲಗಬೇಡಿ. ಕಾಲು ಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ, ಮನೆಗೆ ಬಂದ ಮೇಲೆ ಬಿಸಿನೀರ ಸ್ನಾನ. ಮನೆಯ ಅಂಗಳವೇ ಉತ್ತಮ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಸಾಮಾನು

10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಗಾಜಿನ) ಬೈನಾಕ್ಯುಲರ್ ಇದ್ದರೆ ಗೆಲಾಕ್ಸಿ ಇದೆ ಎಂಬಷ್ಟು ಕಾಣುತ್ತದೆ. 6 ಇಂಚಿನ ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ) ಟೆಲಿಸ್ಕೋಪಿನಲ್ಲಿ ಅದು ಒಂದಲ್ಲ, ಎರಡು ಎಂದು ಗೊತ್ತಾಗುತ್ತದೆ. 8 ಇಂಚಿನಲ್ಲಿ, ನಿಜವಾದ ಕತ್ತಲೆಯಲ್ಲಿ, ಸುರುಳಿಯ ಸುಳಿವು. 10, 12 ಇಂಚಿನಲ್ಲಿ ತೋಳುಗಳು. ಪೇಟೆಯ ತಾರಸಿಯ ಮೇಲಿನ 12 ಇಂಚಿಗಿಂತ ಬ್ಯಾಣದ ಮೇಲಿನ 6 ಇಂಚು ಹೆಚ್ಚು ತೋರಿಸುತ್ತದೆ. ಗೆಲಾಕ್ಸಿ ಚುಕ್ಕೆಯಲ್ಲ, ಹರಡಿದ ಮಂದ ಬೆಳಕು. ಆಕಾಶದ ಹಿನ್ನೆಲೆಯೇ ಬೆಳಗಾದರೆ ಅದು ಅದರಲ್ಲೇ ಕರಗುತ್ತದೆ, ಎಷ್ಟು ದೊಡ್ಡ ಕನ್ನಡಿ ಇಟ್ಟರೂ ಹಿನ್ನೆಲೆಯೂ ಜತೆಗೆ ಬೆಳಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ 8 ಇಂಚಿನ ಡಾಬ್ಸೋನಿಯನ್. ಸ್ಕೂಟರಿನಲ್ಲಿ ಸಾಗದು, ಆದರೆ ಅಂಗಳಕ್ಕೆ ಒಬ್ಬರೇ ಎತ್ತಿ ಇಡಬಹುದು.

ಉಳಿದದ್ದು ಸಣ್ಣಪುಟ್ಟವು. ಟಾರ್ಚಿನ ಮುಖಕ್ಕೆ ಕೆಂಪು ಜಿಲೆಟಿನ್ ಹಾಳೆ ಎರಡು ಮಡಿಕೆ. ಒರಗಲು ಬೆನ್ನಿರುವ ಕುರ್ಚಿ. ಕಂಬಳಿ, ಮಂಡೆಗೆ ಮಫ್ಲರ್. ಸ್ಟೆಲೇರಿಯಂ ಎಂಬ ನಕ್ಷತ್ರ ನಕ್ಷೆಯ ಆ್ಯಪ್ ಇರುವ ಮೊಬೈಲು, ಆದರೆ ಚಾರ್ಟನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡರೆ ಮೊಬೈಲು ತೆಗೆಯುವ ಪ್ರಸಂಗವೇ ಬರದು.

ಕಣ್ಣನ್ನು ಕತ್ತಲಿಗೆ ಒಗ್ಗಿಸುವುದು

ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಈ ನಡುವೆ ಮನೆಯ ಯಾರೋ ಜಗಲಿಯ ಟ್ಯೂಬ್‌ಲೈಟ್ ಹಾಕಿದರೆ ಮತ್ತೆ ಮೊದಲಿನಿಂದ. ಮಲಗುವ ಮುಂಚೆಯೇ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ. ಅಲಾರಂ ಇಟ್ಟು ನಿದ್ದೆಯಿಂದೇಳುವವರಿಗೆ ಇಲ್ಲೊಂದು ಅನುಕೂಲ: ಕಣ್ಣು ಆಗಲೇ ಕತ್ತಲಲ್ಲಿರುತ್ತದೆ, ದೀಪ ಹಾಕದೆ ಹೊರಬಂದರೆ ಅರ್ಧ ಕೆಲಸ ಮುಗಿದಂತೆ. ಟೆಲಿಸ್ಕೋಪನ್ನು ಮಾತ್ರ ಮಲಗುವ ಮುಂಚೆ ಹೊರಗೆ, ಸೂರಿನಡಿ ಇಟ್ಟು ಮುಚ್ಚಿ ಮಲಗಿ, ಕನ್ನಡಿ ಹೊರಗಿನ ಚಳಿಗೆ ಹೊಂದಿಕೊಳ್ಳಲಿ.

ಕಾಯುವ ಹೊತ್ತಿನಲ್ಲಿ ಆಕಾಶವನ್ನು ಪರೀಕ್ಷೆ ಮಾಡಿ. ಬಾಲದ ನಡುವಿನ ವಸಿಷ್ಠನ ಪಕ್ಕದಲ್ಲಿ ಅರುಂಧತಿ ಬೇರೆಯಾಗಿ ಕಾಣಬೇಕು. ಮದುವೆ ಮಂಟಪದಿಂದ ಹಗಲಿನಲ್ಲಿ ತೋರಿಸುವ ಅರುಂಧತಿಯನ್ನು ನಿಜಕ್ಕೂ ನೋಡಲು ಇದು ಸಂದರ್ಭ. ಅವಳು 4ನೇ ಪ್ರಮಾಣದ ನಕ್ಷತ್ರ (ಪ್ರಮಾಣದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಆಮೇಲೆ ಮರೀಚಿಯ ಪಶ್ಚಿಮಕ್ಕೆ ಎರಡು ಡಿಗ್ರಿ ದೂರದ ಮಂಕು ಚುಕ್ಕೆಯೊಂದನ್ನು ಹುಡುಕಿ. ಅದರ ಪ್ರಮಾಣ 4.7, ಚಾರ್ಟಿನಲ್ಲಿ ಹೆಸರು 24 ಕೇನಮ್ ವೆನಾಟಿಕೋರಮ್. ಅದು ಬರಿಗಣ್ಣಿಗೆ ಸಿಕ್ಕಿತೆಂದರೆ ಬೈನಾಕ್ಯುಲರಿನಲ್ಲಿ ಎಂ51 ಸಿಗುವ ಸಂಭವ ಚೆನ್ನಾಗಿದೆ. ಸಿಗದಿದ್ದರೆ ಟೆಲಿಸ್ಕೋಪೇ ಗತಿ. ಅರುಂಧತಿಯೇ ಕಾಣದಿದ್ದರೆ ಒಳಗೆ ಹೋಗಿ ಮಲಗಿ.

ಹುಡುಕುವುದು

ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಿ. ಸಪ್ತರ್ಷಿಯ ನಾಲ್ಕು ನಕ್ಷತ್ರಗಳ ಚೌಕ ಎಡಕ್ಕೆ, ಮೂರರ ಬಾಲ ಬಲಕ್ಕೆ. ಕ್ರತು ಮತ್ತು ಪುಲಹ ಧ್ರುವನನ್ನು ತೋರಿಸುವ ಜೋಡಿ. ಅಲ್ಲಿಂದ ಪುಲಸ್ತ್ಯ, ಅತ್ರಿ ದಾಟಿ ಬಾಲಕ್ಕೆ ಬಂದರೆ ಅಂಗಿರಸ, ವಸಿಷ್ಠ, ಕೊನೆಗೆ ಮರೀಚಿ. ನಮಗೆ ಬೇಕಾದವರು ಕೊನೆಯ ಇಬ್ಬರು.

ವಸಿಷ್ಠನಿಂದ ಮರೀಚಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಮರೀಚಿಯ ಹತ್ತಿರ ಆ ಗೆರೆಗೆ ಲಂಬವಾಗಿ, ಬಾಲ ಬಾಗಿದ ಒಳಮಗ್ಗುಲಿಗೆ ತಿರುಗಿ. ವಸಿಷ್ಠ, ಮರೀಚಿಯ ನಡುವಿನ ಅಂತರದ ಅರ್ಧದಷ್ಟು ಹೋದರೆ ಎಂ51. ಈ ಗುರುತು ಯಾವ ಗಂಟೆಯಲ್ಲೂ ಸರಿ. ಸಪ್ತರ್ಷಿ ಈಶಾನ್ಯದಲ್ಲಿ ಬಾಲ ಕೆಳಗೆ ಮಾಡಿ ಏಳುತ್ತಿರಲಿ, ವಾಯವ್ಯಕ್ಕೆ ಇಳಿಯುತ್ತಿರಲಿ, ಮೂರೂ ಒಟ್ಟಿಗೇ ತಿರುಗುತ್ತವೆ. ಎಡ, ಬಲ, ಮೇಲೆ, ಕೆಳಗೆ ಎಂದು ಬಾಯಿಪಾಠ ಮಾಡಿಕೊಂಡವರು ಗಂಟೆ ಬದಲಾದ ಕೂಡಲೇ ಕಂಗಾಲಾಗುತ್ತಾರೆ.

ಬೈನಾಕ್ಯುಲರಿನಲ್ಲಿ ಕೆಲಸ ಇನ್ನೂ ಸುಲಭ. 10×50ರಲ್ಲಿ ಆರೂವರೆ ಡಿಗ್ರಿ ಆಕಾಶ ಒಟ್ಟಿಗೆ ಕಾಣುವುದರಿಂದ ಮರೀಚಿ, 24ನೇ ನಕ್ಷತ್ರ, ಎಂ51 ಮೂರೂ ಒಂದೇ ವೃತ್ತದೊಳಗೆ ಬರುತ್ತವೆ. ತುದಿ ಮುಟ್ಟುವ ಹೊತ್ತಿಗೆ ಮರೀಚಿಯನ್ನು ವೃತ್ತದ ಬಲಕ್ಕೆ, ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ. ಅಲ್ಲಿಂದ ನೇರ ಎಡಕ್ಕೆ ಎರಡು ಡಿಗ್ರಿಗೆ 24. ಅಲ್ಲಿಂದ ಮೇಲಕ್ಕೆ, ತುಸು ಎಡಕ್ಕೆ ವಾಲಿ, ಇನ್ನೆರಡು ಡಿಗ್ರಿ. ಕೈ ನಡುಗಿದರೆ ಏನೂ ಕಾಣದು. ಕುರ್ಚಿಗೆ ಒರಗಿ ಮೊಣಕೈಯನ್ನು ಎದೆಗೆ ಒತ್ತಿಕೊಳ್ಳಿ, ಇಲ್ಲವೇ ಟ್ರೈಪಾಡಿಗೆ ಕಟ್ಟಿ.

ಟೆಲಿಸ್ಕೋಪಿನವರು ಮೊದಲು ವಸಿಷ್ಠನ ಮೇಲೆ ಫೋಕಸ್ ಮಾಡಿ. ವಸಿಷ್ಠ ಒಬ್ಬನಲ್ಲ, 14 ಆರ್ಕ್‌ಸೆಕೆಂಡ್ (ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್) ಅಂತರದ ಎರಡು ನಕ್ಷತ್ರ. ಎರಡೂ ಚೊಕ್ಕವಾಗಿ ಬಿಡಿಬಿಡಿಯಾಗಿ ಕಂಡರೆ ಫೋಕಸ್ ಸರಿಯಿದೆ. ಐಪೀಸ್ (ಕಣ್ಣಿಡುವ ಮಸೂರ) ಬದಲಿಸುವ ಮೊದಲು ವಸಿಷ್ಠ, ಅರುಂಧತಿಯ ನಡುವಿನ ಜಾಗವನ್ನು ಕಣ್ಣಲ್ಲಿ ಅಚ್ಚೊತ್ತಿಕೊಳ್ಳಿ. ಅದು 12 ಆರ್ಕ್‌ಮಿನಿಟ್, ಎಂ51ರ ಅಗಲ 11. ಹುಡುಕಬೇಕಾದ ವಸ್ತು ಎಷ್ಟು ದೊಡ್ಡದೆಂದು ಇದಕ್ಕಿಂತ ಚೆನ್ನಾಗಿ ಯಾವ ಚಿತ್ರವೂ ಹೇಳದು. ಬಹಳ ಜನ ಹುಡುಕುವುದು ಒಂದೋ ಚುಕ್ಕೆಯನ್ನು, ಇಲ್ಲ ಹುಣ್ಣಿಮೆ ಚಂದ್ರನಷ್ಟು ಚಕ್ರವನ್ನು.

ಆಮೇಲೆ ಫೈಂಡರನ್ನು (ಕೊಳವೆಯ ಮೇಲಿನ ಪುಟ್ಟ ದುರ್ಬೀನು) ಮರೀಚಿಗೆ ತಿರುಗಿಸಿ 24ರ ಮೂಲಕ ದಾರಿ ಹಿಡಿಯಿರಿ. ನೇರ ಫೈಂಡರಿನಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ, ಕಾಗದದ ಚಾರ್ಟನ್ನೂ ತಲೆಕೆಳಗೆ ಹಿಡಿದುಕೊಳ್ಳಿ. 1200 ಮಿಲಿಮೀಟರ್ ಫೋಕಲ್ ಲೆಂಗ್ತ್‌ನ 8 ಇಂಚಿನಲ್ಲಿ 25 ಮಿಲಿಮೀಟರ್ ಐಪೀಸ್ ಹಾಕಿದರೆ 48 ಪಟ್ಟು. ಹುಡುಕಲು ಇದೇ ಸರಿ. ಸಿಕ್ಕಿದ ಮೇಲೆ 10 ಮಿಲಿಮೀಟರ್ ಹಾಕಿ 120 ಪಟ್ಟಿಗೆ ಹೋಗಿ. ಹಿನ್ನೆಲೆ ಕಪ್ಪಾಗಿ ಒಳವಿವರ ಬಿಡಿಸಿಕೊಳ್ಳುತ್ತದೆ. ಅದಕ್ಕಿಂತ ಮೇಲೆ ಹೋದರೆ ನಮ್ಮ ಗಾಳಿ ಬಿಡುವುದಿಲ್ಲ.

ಈಗ ಕಣ್ಣಿನ ಕಸರತ್ತು. ನೇರ ದಿಟ್ಟಿಸಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ಕಣ್ಣಿನ ನಡುಭಾಗಕ್ಕೆ ಮಂದ ಬೆಳಕು ಹಿಡಿಯದು, ಅಂಚಿನ ಭಾಗಕ್ಕೆ ಹಿಡಿಯುತ್ತದೆ. ಗಮನವನ್ನು ಗೆಲಾಕ್ಸಿಯ ಮೇಲಿಟ್ಟು ದೃಷ್ಟಿಯನ್ನು ಅದರ ಪಕ್ಕದಲ್ಲಿಡುವುದು ಮೊದಮೊದಲು ವಿಚಿತ್ರ ಎನಿಸುತ್ತದೆ. ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ; ನಿಂತ ಮಸುಕಿಗಿಂತ ಅಲುಗುವ ಮಸುಕು ಕಣ್ಣಿಗೆ ಬೇಗ ಬೀಳುತ್ತದೆ. ಉಸಿರು ಬಿಗಿಹಿಡಿಯಬೇಡಿ. ಕಂಬಳಿಯನ್ನು ತಲೆಯ ಮೇಲಿಂದ ಐಪೀಸಿನವರೆಗೆ ಮುಚ್ಚಿಕೊಳ್ಳಿ. ಒಂದು ನೋಟಕ್ಕೆ ಹತ್ತು ನಿಮಿಷವಾದರೂ ಕೊಡಿ.

ಏನು ಕಾಣುತ್ತಿದೆ

ಮೊದಲಿಗೆ ಕಾಣುವುದು ಗಾಜಿನ ಮೇಲೆ ಅಕ್ಕಪಕ್ಕ ಎರಡು ಸಲ ಉಸಿರೂದಿದರೆ ಕೂರುವಂಥ ಎರಡು ಮಸುಕು. ಒಂದು ದೊಡ್ಡದು, ಒಂದು ಚಿಕ್ಕದು. ಒಂದೊಂದರ ನಟ್ಟನಡುವೆಯೂ ಒಂದು ಗಟ್ಟಿ ಬೆಳಕಿನ ತಿರುಳು. ತಿರುಳುಗಳ ಅಂತರ ವಸಿಷ್ಠ, ಅರುಂಧತಿಯ ಅಂತರದ ಮೂರನೇ ಒಂದರಷ್ಟು. ಧ್ರುವನ ಕಡೆಗಿರುವ ಚಿಕ್ಕದು ಎನ್‌ಜಿಸಿ 5195, ಜತೆಗಾರ ಗೆಲಾಕ್ಸಿ. ಬಣ್ಣ ಹುಡುಕಬೇಡಿ. ಹಬಲ್ ಚಿತ್ರದ ಗುಲಾಬಿ, ನೀಲಿ ಎಲ್ಲ ಕ್ಯಾಮೆರಾ ಗಂಟೆಗಟ್ಟಲೆ ಕೂಡಿಟ್ಟ ಬೆಳಕು. ಕಣ್ಣಿಗೆ ಸಿಗುವುದು ಬೂದು ಮಾತ್ರ. ಇಷ್ಟೇನಾ ಎಂದು ಎದ್ದು ಹೋಗುವವರಿದ್ದಾರೆ. ಅವರು ಹೋದ ಮೇಲೆ ಐಪೀಸು ನಿಮಗೊಬ್ಬರಿಗೇ.

ಕೂತವರಿಗೆ ನಿಧಾನಕ್ಕೆ ದೊಡ್ಡ ಮಸುಕಿನ ಅಂಚು ಒಂದೇ ಸಮ ಇಲ್ಲವೆಂದು ತೋರುತ್ತದೆ. ಒಂದು ಕಡೆ ದಟ್ಟ, ಅದರ ಒಳಗೆ ಕಪ್ಪು ಕಮಾನು, ಮತ್ತೆ ದಟ್ಟ. ಆ ಕಮಾನು ಕಂಡರೆ ಸುರುಳಿ ಕಂಡಿತು ಎಂದೇ ಅರ್ಥ. ಬೆಳಕನ್ನು ಬೆನ್ನಟ್ಟುವ ಬದಲು ಕಪ್ಪನ್ನು ಹುಡುಕಿ, ಬೇಗ ಸಿಗುತ್ತದೆ. ಪೆನ್ಸಿಲ್ ಹಿಡಿದು ಕೆಂಪು ಬೆಳಕಿನಲ್ಲಿ ಕಂಡಷ್ಟನ್ನು ಬರೆಯುತ್ತ ಹೋದರೆ ಕಣ್ಣು ಇನ್ನೂ ಚುರುಕಾಗುತ್ತದೆ.

ಇದೇ ಕೆಲಸವನ್ನು 1845ರ ವಸಂತದಲ್ಲಿ ಐರ್ಲೆಂಡಿನ ಬರ್ ಊರಿನಲ್ಲಿ ಲಾರ್ಡ್ ರಾಸ್ ಮಾಡಿದ. ಅವನ ಲೋಹದ ಕನ್ನಡಿ 72 ಇಂಚಿನದು, ಆ ಕಾಲಕ್ಕೆ ಜಗತ್ತಿಗೇ ದೊಡ್ಡದು. ಐರ್ಲೆಂಡಿನ ಮೋಡ ನಮ್ಮ ಆಷಾಢಕ್ಕೆ ಕಡಿಮೆಯಿಲ್ಲ, ಅವನೂ ಬಿಡುವಿಗಾಗಿ ಕಾದೇ ನೋಡಬೇಕಿತ್ತು. ಅವನು ಎಂ51ರ ಸುರುಳಿಯನ್ನು ಬರೆದ ಚಿತ್ರವೇ ಆಕಾಶದಲ್ಲಿ ಸುರುಳಿಯಾಕಾರದ ವಸ್ತುಗಳಿವೆ ಎಂಬುದಕ್ಕೆ ಮೊದಲ ದಾಖಲೆ. ಅದಕ್ಕೂ ಮುಂಚೆ 1773ರ ಅಕ್ಟೋಬರ್ 13ರಂದು ಚಾರ್ಲ್ಸ್ ಮೆಸಿಯೆ ಧೂಮಕೇತು ನೋಡುತ್ತಿದ್ದಾಗ ಇದನ್ನು ಕಂಡು ಗುರುತು ಹಾಕಿದ್ದ. ಜತೆಗಾರನನ್ನು 1781ರಲ್ಲಿ ಪತ್ತೆ ಮಾಡಿದವನು ಪಿಯರ್ ಮೆಶೇನ್. ಇವರಲ್ಲಿ ಯಾರಿಗೂ ಇದು ನಮ್ಮ ಆಕಾಶಗಂಗೆಯ ಹೊರಗಿನ ವಸ್ತು ಎಂದು ತಿಳಿದಿರಲಿಲ್ಲ. ಅದು ಇತ್ಯರ್ಥವಾದದ್ದು 1920ರ ದಶಕದಲ್ಲಿ.

ಜತೆಗಾರ ಗೆಲಾಕ್ಸಿ ಎಂ51ರ ತೋಳಿಗೆ ಅಂಟಿಕೊಂಡಂತೆ ಕಂಡರೂ ಅದು ಇರುವುದು ಹಿಂಬದಿಯಲ್ಲಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ಪಕ್ಕದಲ್ಲೇ ಹಾದುಹೋದ ಅದರ ಗುರುತ್ವದ ಸೆಳೆತದಿಂದ ಎಂ51ರ ಅನಿಲ ಒತ್ತಿ, ತೋಳುಗಳು ಇಷ್ಟು ಎದ್ದು ಕಾಣುವಂತಾದವು. ಆ ತೋಳುಗಳ ಉದ್ದಕ್ಕೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹುಟ್ಟುವಷ್ಟೇ ಸಾಯುವುದೂ ಇದೆ. 1994, 2005, 2011ರಲ್ಲಿ ಇಲ್ಲಿ ಸೂಪರ್‌ನೋವಾ ಸಿಡಿದವು, ಮೂರನ್ನೂ ಕಂಡವರಲ್ಲಿ ಹವ್ಯಾಸಿಗಳಿದ್ದರು. 2005ರದ್ದು ಪತ್ತೆಯಾದದ್ದು ಜೂನ್ ಕೊನೆಗೆ. ನಮ್ಮಲ್ಲಿ ಆಗ ಆಕಾಶ ಎಂಬುದೇ ಇರುವುದಿಲ್ಲ.

ಕ್ಯಾಮೆರಾ ಇದ್ದವರಿಗೆ

ಮೊಬೈಲು ಆಗದು. ಡಿಎಸ್‌ಎಲ್‌ಆರ್‌ಗೆ 200 ಮಿಲಿಮೀಟರ್ ಲೆನ್ಸ್ ಹಾಕಿ ಬರೀ ಟ್ರೈಪಾಡಿನ ಮೇಲೆ 1.5ರಿಂದ 2 ಸೆಕೆಂಡಿನ ನೂರಾರು ಚಿತ್ರ ತೆಗೆದು ಡೀಪ್‌ಸ್ಕೈಸ್ಟ್ಯಾಕರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಒಟ್ಟುಗೂಡಿಸಿದರೆ ಜೋಡಿ ಗೆಲಾಕ್ಸಿ ಎಂದು ಹೇಳುವಷ್ಟು ಬರುತ್ತದೆ. ಆಕಾಶದ ಜತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇದ್ದರೆ ನಿಮಿಷದ ಚಿತ್ರಗಳನ್ನೇ ತೆಗೆಯಬಹುದು, ಸುರುಳಿ ನಿಸ್ಸಂಶಯ. ಆದರೆ ಟ್ರ್ಯಾಕರಿಗೆ ಧ್ರುವ ಬೇಕು. ನಮ್ಮ ಧ್ರುವ 15 ಡಿಗ್ರಿಯಲ್ಲಿ, ಬೆಟ್ಟದ ಹಿಂದೆಯೋ ತೇವದ ಪದರದಲ್ಲೋ ಇರುತ್ತದೆ. ಹಾಗಾಗಿ ಚಿತ್ರ ತೆಗೆಯುವವರು ಮಾತ್ರ ಉತ್ತರ ದಿಗಂತ ತೆರೆದಿರುವ ಜಾಗವನ್ನೇ ಆರಿಸಬೇಕು. ಈಕ್ವಟೋರಿಯಲ್ ಮೌಂಟ್ (ಧ್ರುವಕ್ಕೆ ಗುರಿಯಿಟ್ಟು ತಿರುಗುವ ಪೀಠ) ಕೊಳ್ಳುವವರು ಅದು 15 ಡಿಗ್ರಿಗೆ ಇಳಿಯುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಯುರೋಪಿನ ಅಕ್ಷಾಂಶಕ್ಕೆಂದು ಮಾಡಿದ ಕೆಲವು ಮೌಂಟುಗಳು ಅಷ್ಟು ಬಗ್ಗುವುದಿಲ್ಲ, ಬಗ್ಗಿದರೂ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಸೀಸ್ಟಾರ್‌ನಂಥ ಸ್ಮಾರ್ಟ್ ಟೆಲಿಸ್ಕೋಪಿಗೆ ಧ್ರುವದ ಹಂಗಿಲ್ಲ. ಮನೆಯ ಮಕ್ಕಳಿಗೆ ಪರದೆಯ ಮೇಲೆ ತೋರಿಸಲು ಚೆನ್ನ. ಐಪೀಸಿಗೆ ಕಣ್ಣಿಟ್ಟ ಮೇಲೆ ಅದನ್ನು ತೋರಿಸಿ, ಮೊದಲೇ ತೋರಿಸಿದರೆ ಬೂದು ಮಸುಕಿಗೆ ಯಾರೂ ಕಾಯುವುದಿಲ್ಲ.

ಇಬ್ಬನಿ, ಉಪ್ಪು, ಮಳೆಗಾಲ

ಮೂರು ಗಂಟೆಯ ನಂತರ ಇಬ್ಬನಿ ಬಿದ್ದೇ ಬೀಳುತ್ತದೆ. ಲೆನ್ಸಿನ ಮುಂದೆ ಉದ್ದನೆಯ ಮುಸುಕು ಇದ್ದರೆ ಒಂದೆರಡು ಗಂಟೆ ಹೆಚ್ಚು ಸಿಗುತ್ತದೆ. ಯೋಗ ಮ್ಯಾಟ್ ಕತ್ತರಿಸಿ ಸುತ್ತುವವರುಂಟು. ಅಡಿಕೆ ಹಾಳೆಯೂ ಆಗುತ್ತದೆ: ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಬೈನಾಕ್ಯುಲರಿನ ಮುಖಕ್ಕೆ ಸರಿಹೊಂದುವ ಡಬ್ಬಿಗೆ ಸುತ್ತಿ ದಾರ ಬಿಗಿದು ನೆರಳಲ್ಲಿ ಒಣಗಿಸಿ, ಒಳಬದಿಗೆ ಕಪ್ಪು ಬಣ್ಣ ಬಳಿಯಿರಿ. ಹಗುರ, ಬಿಗಿ, ಖರ್ಚಿಲ್ಲ. ಇಬ್ಬನಿ ಕೂತ ಗಾಜನ್ನು ಪಂಚೆಯ ತುದಿಯಿಂದ ಒರೆಸಬೇಡಿ, ತಾನೇ ಆರಲಿ. ಬೀಚಿನಿಂದ ಬಂದವರು ಗಾಜಿನ ಮೇಲಿನ ಉಪ್ಪಿನ ಪುಡಿಯನ್ನು ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಲೆನ್ಸ್ ದ್ರವ ಹಚ್ಚಿದ ಬಟ್ಟೆ. ಒಣ ಬಟ್ಟೆ ತಿಕ್ಕಿದರೆ ಉಪ್ಪೇ ಗೀರು ಹಾಕುತ್ತದೆ.

ಮೇ ಕೊನೆಗೆ ಎಲ್ಲವನ್ನೂ ಒಂದು ದಿನ ನೆರಳಲ್ಲಿ ಗಾಳಿಗಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ತುಂಬಿ. ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದರೆ ಗಣೇಶ ಚೌತಿಗೆ ತೆಗೆಯುವಾಗ ಗಾಜಿನೊಳಗೆ ಬೂಷ್ಟು ಹಬ್ಬಿರುತ್ತದೆ. ದೊಡ್ಡ ಕನ್ನಡಿಯನ್ನು ಮುಚ್ಚಳ ಹಾಕಿ, ಕೊಳವೆಗೆ ಪ್ಲಾಸ್ಟಿಕ್ ಸುತ್ತಿ, ಅಟ್ಟದ ಮೇಲೆ ಒಲೆಯ ಹೊಗೆ ತಾಗದ ಕಡೆ ಇಡಿ. ಜೆಲ್ ಬಣ್ಣಗೆಟ್ಟಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಹಾಕಬಹುದು, ಆ ಬಾಣಲೆಯನ್ನು ಅಡಿಗೆಗೆ ಬಳಸಬೇಡಿ. ಶ್ರಾವಣದಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ಗಾಜನ್ನು ಟಾರ್ಚ್ ಹಿಡಿದು ಓರೆಯಾಗಿ ನೋಡಿ.